ದಂಡ ಕಟ್ಟಿದರೆ ಮುಗಿಯಿತೇ?

ಉಡುಪಿ, ಕಾಪು, ಕಾರ್ಕಳದ ಕಡೆ ಸ್ಟೇರಿಂಗ್ ಹಿಡಿದೇ ಸಂಸಾರ ಸಾಗಿಸುವ ಮನೆಗಳಲ್ಲಿ ಒಂದು ಮಾತು ಬಹಳ ಸಲೀಸಾಗಿ ಓಡಾಡುತ್ತದೆ. ‘ದಂಡ ಕಟ್ಟಿ ಬಾ, ಕೋರ್ಟು ಕಚೇರಿ ನಮಗ್ಯಾಕೆ?’ ವಾಹನದ ಮಾಲೀಕ ಹೀಗೆನ್ನುತ್ತಾನೆ, ಮನೆಯ ಹಿರಿಯರು ಹೀಗೆನ್ನುತ್ತಾರೆ, ಸ್ಟ್ಯಾಂಡಿನಲ್ಲಿ ತಲೆ ನರೆತ ಚಾಲಕರೂ ಕಿರಿಯರಿಗೆ ಇದನ್ನೇ ಉಪದೇಶಿಸುತ್ತಾರೆ. ಈ ಮಾತಿನ ಹಿಂದಿರುವ ಲೆಕ್ಕಾಚಾರ ನಮಗೆ ಅರ್ಥವಾಗದ್ದೇನಲ್ಲ. ಐನೂರು ರೂಪಾಯಿಯ ದಂಡವನ್ನು ಪ್ರಶ್ನಿಸಲು ಹೊರಟರೆ ಒಂದು ದಿನದ ದುಡಿಮೆ ಹೋಗುತ್ತದೆ. ವಕೀಲರ ಶುಲ್ಕ ಬೇರೆ. ಕಟಕಟೆಯಲ್ಲಿ ನಿಲ್ಲುವ ಭಯವಂತೂ ಇದ್ದೇ ಇದೆ. ಆದ್ದರಿಂದ ಕಟ್ಟಿ ಕೈತೊಳೆದುಕೊಳ್ಳುವುದೇ ಜಾಣತನವೆಂದು ತೋರುವುದು ಸಹಜ. ಆದರೆ ದಂಡ ಕಟ್ಟಿದ ಮಾತ್ರಕ್ಕೆ ಕೈ ತೊಳೆದಂತಾಗುವುದಿಲ್ಲ ಎಂಬುದನ್ನು ನಮ್ಮ ಚಾಲಕರಿಗೆ ಯಾರೂ ಹೇಳುತ್ತಿಲ್ಲ.

1988ರ ಮೋಟಾರು ವಾಹನ ಕಾಯ್ದೆಗೆ ಸಂಸತ್ತು 2019ರಲ್ಲಿ ತಿದ್ದುಪಡಿ ತಂದದ್ದೂ ಆ ವರ್ಷದ ಸೆಪ್ಟೆಂಬರ್ 1ರಿಂದ ಹೊಸ ದಂಡಗಳು ಜಾರಿಗೆ ಬಂದದ್ದೂ ಓದುಗರಿಗೆ ನೆನಪಿರಬಹುದು. ಆಗ ದೇಶದೆಲ್ಲೆಡೆ ದಂಡದ ಮೊತ್ತದ್ದೇ ಗದ್ದಲ. ಕರ್ನಾಟಕ ಸರಕಾರವು ಅದೇ ತಿಂಗಳಲ್ಲಿ ಹಲವು ದಂಡಗಳನ್ನು ಇಳಿಸಿ, ಹೆಲ್ಮೆಟ್ ಇಲ್ಲದವರ ಸಾವಿರ ರೂಪಾಯಿಯನ್ನು ಐನೂರಕ್ಕೆ ತಂದು ಜನರನ್ನು ಸಮಾಧಾನಪಡಿಸಿತು. ಆ ಗದ್ದಲದಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದೆ ಹೋದದ್ದು ಕಲಂ 200ಕ್ಕೆ ಸೇರಿದ ಒಂದು ಉಪವಾಕ್ಯ. ಸ್ಥಳದಲ್ಲೇ ನಿಗದಿತ ಮೊತ್ತ ಕಟ್ಟಿ ಪ್ರಕರಣವನ್ನು ರಾಜಿಯಲ್ಲಿ ಮುಗಿಸಿಕೊಳ್ಳಲು ಅವಕಾಶ ಕೊಡುವ ಕಲಂ ಅದು. ಹೀಗೆ ರಾಜಿಯಾದ ಅಪರಾಧವನ್ನೂ, ಮುಂದೆ ಅಂಥದೇ ಇನ್ನೊಂದು ಅಪರಾಧ ನಡೆದಾಗ, ಹಿಂದಿನ ಅಪರಾಧವೆಂದೇ ಎಣಿಸಬೇಕೆಂದು ಆ ಉಪವಾಕ್ಯ ಹೇಳುತ್ತದೆ. ಲೈಸೆನ್ಸಿನ ಮೇಲಿನ ಕ್ರಮದಿಂದಲೂ ರಾಜಿ ದಂಡ ರಕ್ಷಣೆ ಕೊಡುವುದಿಲ್ಲವೆಂದು ಅದರ ಬೆನ್ನಿಗೇ ಬರುವ ಇನ್ನೊಂದು ಉಪವಾಕ್ಯ ಸ್ಪಷ್ಟಪಡಿಸುತ್ತದೆ. ಅಂದರೆ ನಾವು ರಶೀದಿಯೆಂದು ಮಡಚಿ ಜೇಬಿಗಿಳಿಸುವ ಚೀಟಿಯು ಸರಕಾರದ ಕಡತದಲ್ಲಿ ತಪ್ಪೊಪ್ಪಿಗೆಯ ದಾಖಲೆಯಾಗಿ ಕುಳಿತಿರುತ್ತದೆ.

ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿಯೆಂದು ರಾಜ್ಯ ಸರಕಾರ 2023ರ ಫೆಬ್ರವರಿಯಲ್ಲೂ ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ವರೆಗೂ ಪ್ರಕಟಿಸಿದಾಗ ಜನ ಮುಗಿಬಿದ್ದು ಕಟ್ಟಿದರು. ಕೋಟಿಗಳ ಲೆಕ್ಕದಲ್ಲಿ ಹಣ ಸಂಗ್ರಹವಾಯಿತು. ಹಬ್ಬದ ಸೀಸನ್ನಿನ ಬಟ್ಟೆ ಅಂಗಡಿಯ ರಿಯಾಯಿತಿಗೂ ಇದಕ್ಕೂ ವ್ಯತ್ಯಾಸವಿದೆಯೆಂದು ಹೇಳಿದವರು ವಿರಳ. ಮೊತ್ತ ಅರ್ಧವಾಗಿತ್ತು ನಿಜ, ಅಪರಾಧವೇನೂ ಅರ್ಧವಾಗಿರಲಿಲ್ಲ.

ಈ ಎಣಿಕೆ ಚಾಲಕನ ಬದುಕಿನಲ್ಲಿ ಏನು ಮಾಡುತ್ತದೆ? ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕಾರ್ಕಳದ ಕಡೆಯ ಕೋರೆಯಿಂದ ಜಲ್ಲಿ ಸಾಗಿಸುವ ಒಬ್ಬ ಟಿಪ್ಪರ್ ಚಾಲಕ. ದಾರಿಯಲ್ಲಿ ಫೋನ್ ಬಂತು, ‘ಎಲ್ಲಿದ್ದೀಯಾ, ಇನ್ನೂ ಎಷ್ಟು ಹೊತ್ತು?’ ಎಂದು ಮಾಲೀಕನೇ ಕೇಳಿದ. ಉತ್ತರಿಸುತ್ತಿರುವಾಗ ಪೊಲೀಸರ ಕಣ್ಣಿಗೆ ಬಿದ್ದ, ದಂಡ ಕಟ್ಟಿದ, ಹೊರಟ. ಎರಡು ವರ್ಷ ಕಳೆದ ಮೇಲೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ತಿರುಗಲು ಬಹಳ ದೂರ ಹೋಗಬೇಕಲ್ಲಾ ಎಂದು, ನೂರು ಮಾರು ಎದುರು ದಿಕ್ಕಿನಲ್ಲಿ ಓಡಿಸಿದ. ಪಡುಬಿದ್ರಿಯಿಂದ ಸಂತೆಕಟ್ಟೆಯ ವರೆಗೆ ದಿನವೂ ನೂರಾರು ಮಂದಿ ಮಾಡುತ್ತಿರುವ, ಮಾಡಬಾರದ ಕೆಲಸವಿದು. ಈ ಎರಡೂ ಕೃತ್ಯಗಳು, ಕೆಂಪು ದೀಪ ದಾಟುವುದೂ ಸೇರಿದಂತೆ, ಅಪಾಯಕಾರಿ ಚಾಲನೆಯ ಕಲಂ 184ರೊಳಗೇ ಬರುತ್ತವೆ. ಮೊದಲ ಬಾರಿಗೆ ಐದು ಸಾವಿರದ ವರೆಗೆ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದ ಸಜೆ, ಅಥವಾ ಎರಡೂ. ಮೂರು ವರ್ಷದೊಳಗೆ ಅಂಥದೇ ಅಪರಾಧ ಮರುಕಳಿಸಿದರೆ ಎರಡು ವರ್ಷದ ವರೆಗೆ ಸಜೆ, ಅಥವಾ ಹತ್ತು ಸಾವಿರ ದಂಡ, ಅಥವಾ ಎರಡೂ. ಮೊದಲ ದಿನ ಕೆಲವು ನೋಟುಗಳಲ್ಲಿ ಮುಗಿಯಿತೆಂದು ಅವನು ತಿಳಿದಿದ್ದ ಪ್ರಕರಣ, ಎರಡನೆಯ ದಿನ ಅವನನ್ನು ರೂಢಿಗತ ಅಪರಾಧಿಯ ಸಾಲಿನಲ್ಲಿ ನಿಲ್ಲಿಸುತ್ತದೆ.

ಆದರೆ ಇಲ್ಲೇ ಒಬ್ಬ ಸಮರ್ಥ ವಕೀಲನಿಗೆ ಕೆಲಸವೂ ಇದೆ. ಕೈಯಲ್ಲಿ ಫೋನ್ ಹಿಡಿದದ್ದೂ ಎದುರು ದಿಕ್ಕಿನಲ್ಲಿ ಓಡಿಸಿದ್ದೂ ಕಾಯ್ದೆ ಹೇಳುವ ಅರ್ಥದಲ್ಲಿ ‘ಅಂಥದೇ’ ಅಪರಾಧಗಳೇ? ನಡುವಿನ ಅವಧಿ ನಿಜಕ್ಕೂ ಮೂರು ವರ್ಷದೊಳಗಿನದೇ? ಹಿಂದಿನ ದಾಖಲೆ ಇದೇ ಮನುಷ್ಯನದೋ, ಅಥವಾ ಅದೇ ವಾಹನವನ್ನು ಆ ದಿನ ಓಡಿಸುತ್ತಿದ್ದ ಇನ್ನೊಬ್ಬನದೋ? ಪದೇ ಪದೇ ಚಾಲಕರು ಬದಲಾಗುವ ಬಸ್ಸು, ಟಿಪ್ಪರ್, ಮೀನಿನ ಟೆಂಪೋಗಳಲ್ಲಿ ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ಹಿಂದಿನ ಶಿಕ್ಷೆಯ ಆಧಾರದ ಮೇಲೆ ಹೆಚ್ಚಿನ ಶಿಕ್ಷೆ ಕೇಳುವ ಪ್ರಾಸಿಕ್ಯೂಷನ್ ಅದನ್ನು ರುಜುವಾತುಪಡಿಸಬೇಕು. ಕಂಪ್ಯೂಟರಿನ ಪರದೆಯಲ್ಲಿ ವಾಹನದ ನಂಬರಿನ ಎದುರು ಕಾಣುವ ಪಟ್ಟಿಯೊಂದೇ ಚಾಲಕನ ಚರಿತ್ರೆಯಾಗಲಾರದು. ಈ ಪ್ರಶ್ನೆಗಳನ್ನು ಕೇಳುವವರೇ ಇಲ್ಲದಿರುವುದರಿಂದ ಅವು ಪ್ರಶ್ನೆಗಳಾಗಿಯೇ ಉಳಿಯುತ್ತಿವೆ.

ದಂಡಕ್ಕಿಂತಲೂ ಸಜೆಗಿಂತಲೂ ನಮ್ಮ ಚಾಲಕನನ್ನು ಹೆಚ್ಚು ಕಾಡುವುದು ಲೈಸೆನ್ಸಿನ ಪ್ರಶ್ನೆ. ಅದು ಅವನ ಪಾಲಿಗೆ ಗದ್ದೆ, ಅಂಗಡಿ, ಪಿಂಚಣಿ ಎಲ್ಲವೂ. ಮಿತಿಮೀರಿದ ವೇಗ, ಅಪಾಯಕಾರಿ ಚಾಲನೆ, ಮದ್ಯಪಾನ, ಬೈಕಿನಲ್ಲಿ ಮೂವರ ಸವಾರಿ, ಹೆಲ್ಮೆಟ್ ಇಲ್ಲದಿರುವುದು ಮೊದಲಾದ ಪ್ರಕರಣಗಳಲ್ಲಿ ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಸಾರಿಗೆ ಕಚೇರಿಗೆ ಕಳುಹಿಸಬೇಕೆಂದು ಕಲಂ 206ರ 4ನೇ ಉಪಕಲಂ ವಿಧಿಸುತ್ತದೆ. ಆಗ ಕೊಡುವ ತಾತ್ಕಾಲಿಕ ಚೀಟಿಯನ್ನು ತೋರಿಸಿ ವಾಹನ ಓಡಿಸುವಂತಿಲ್ಲ. ಇದು ಅನೇಕ ಚಾಲಕರಿಗೆ ಗೊತ್ತಿಲ್ಲ. ಮೊದಲ ಅಪರಾಧಕ್ಕೆ ಮೂರು ತಿಂಗಳು ಅನರ್ಹತೆ, ಎರಡನೆಯದಕ್ಕೆ ಲೈಸೆನ್ಸೇ ರದ್ದು, ರದ್ದಾದವನ ಹೆಸರನ್ನು ಬಹಿರಂಗವಾಗಿ ಪ್ರಕಟಿಸಲೂ ಅವಕಾಶ. ಅನರ್ಹತೆಯ ಅವಧಿಯಲ್ಲಿ ಹೊಟ್ಟೆಪಾಡಿಗಾಗಿ ಮತ್ತೆ ಸ್ಟೇರಿಂಗ್ ಹಿಡಿದರೆ ಅದು ಇನ್ನೊಂದು ಅಪರಾಧ. ಮೂರು ತಿಂಗಳ ಸಜೆ ಅಥವಾ ಹತ್ತು ಸಾವಿರ ದಂಡ. ಆ ಹೊತ್ತಿನಲ್ಲೇ ಅಪಘಾತವಾದರೆ ವಿಮಾ ಕಂಪೆನಿಯು ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ವಾಹನದ ಮಾಲೀಕನಿಂದ ವಸೂಲಿ ಮಾಡಲು ಹೊರಡಬಹುದು.

ಇಷ್ಟು ಕಠಿಣವಾದ ಅಧಿಕಾರಕ್ಕೆ ಕಾಯ್ದೆಯು ಕಡಿವಾಣವನ್ನೂ ಹಾಕಿದೆ. ಕಲಂ 19ರ ಪ್ರಕಾರ ಲೈಸೆನ್ಸ್ ಪ್ರಾಧಿಕಾರವು ಚಾಲಕನ ಅಹವಾಲು ಕೇಳಲೇಬೇಕು. ಕೇಳಿದ ಮೇಲೆ ಅವನನ್ನು ಬಿಟ್ಟುಬಿಡುವ ಅಧಿಕಾರವೂ ಅದಕ್ಕಿದೆ. ಅನರ್ಹಗೊಳಿಸುವುದಾದರೆ ಸವಿವರ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಆ ಆದೇಶ ಕೈಸೇರಿದ ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಸಂಚಾರಿ ಪೊಲೀಸರಿಗೆ ಲೈಸೆನ್ಸನ್ನು ವಶಪಡಿಸಿಕೊಂಡು ಕಳುಹಿಸುವ ಅಧಿಕಾರವಷ್ಟೇ ಇದೆ, ಅಮಾನತುಗೊಳಿಸುವ ಅಥವಾ ರದ್ದುಪಡಿಸುವ ಅಧಿಕಾರವಿಲ್ಲವೆಂದು ಕಲ್ಕತ್ತಾ ಹೈಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೀಗಿರುವಾಗ ಸಾರಿಗೆ ಕಚೇರಿಯಿಂದ ಬಂದ ನೋಟಿಸಿಗೆ ಉತ್ತರವನ್ನೇ ಬರೆಯದೆ, ವಿಚಾರಣೆಯ ದಿನ ಹಾಜರೂ ಆಗದೆ, ‘ಹೋಗಲಿ, ಮೂರು ತಿಂಗಳು ತಾನೇ’ ಎಂದು ಕುಳಿತುಬಿಡುವುದಕ್ಕೆ ಏನೆನ್ನೋಣ? ಮನೆಗೆ ಒಬ್ಬಳೇ ಮಗಳಿದ್ದಾಳೆ, ಆಕೆಯ ಕಾಲೇಜು ಶುಲ್ಕ ಈ ತಿಂಗಳಲ್ಲೇ ಕಟ್ಟಬೇಕಿದೆ, ತಂದೆಗೆ ದಿನಗೂಲಿಯಲ್ಲಿ ಬೇರೆ ಕೆಲಸ ಗೊತ್ತಿಲ್ಲ ಎಂಬುದೆಲ್ಲ ಆ ಉತ್ತರದಲ್ಲಿ ಬರೆಯಬಹುದಾದ ಸಂಗತಿಗಳೇ ಅಲ್ಲವೇ? ಅಧಿಕಾರಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ಬರೆಯದೆ ಇದ್ದದ್ದನ್ನಂತೂ ಅವರು ಓದಲಾರರು.

ಇನ್ನು ನ್ಯಾಯಾಲಯದ ಮಾತು. ಸಣ್ಣ ಪ್ರಕರಣಗಳಲ್ಲಿ ಆರೋಪಿ ಸ್ವತಃ ಬರದೆ ವಕೀಲರ ಮೂಲಕ ಹಾಜರಾಗಲು ಕಲಂ 208ರ ಸಮನ್ಸಿನಲ್ಲೇ ಅವಕಾಶವಿದೆ. ಆರೋಪವನ್ನು ಓದಿ ಹೇಳಿದಾಗ ಆರೋಪಿ ಏನು ನುಡಿದನೋ ಅದನ್ನು ಸಾಧ್ಯವಾದಷ್ಟೂ ಅವನದೇ ಶಬ್ದಗಳಲ್ಲಿ ಬರೆದುಕೊಳ್ಳಬೇಕೆಂದು ಅಪರಾಧ ಪ್ರಕ್ರಿಯೆಯ ಕಾನೂನು ಹಿಂದಿನಿಂದಲೂ ಹೇಳುತ್ತ ಬಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಲ್ಲೂ ಅದು ಹಾಗೆಯೇ ಇದೆ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ರಸ್ತೆಯಲ್ಲಿ ತುಳು ಮಾತನಾಡುವ ನಮ್ಮ ಚಾಲಕ ಕಟಕಟೆಯಲ್ಲಿ ನಿಂತಾಗ ಅವನ ಬಾಯಿಂದ ಹೊರಡುವ ಶಬ್ದ ಬಹುತೇಕ ಒಂದೇ, ‘ಆಯ್ತು ಸಾರ್’. ಇದು ಒಪ್ಪಿಗೆಯೇ, ವಿನಯವೇ, ಭಯವೇ? ಯಾವುದೇ ಆಗಲಿ, ಕಡತದಲ್ಲಿ ತಪ್ಪೊಪ್ಪಿಗೆಯಾಗಿಯೇ ಉಳಿಯುತ್ತದೆ.

ಆರೋಪವನ್ನು ಸಾಬೀತುಪಡಿಸಲು ಬೇಕಾದ ಸಾಕ್ಷ್ಯದ ಬಗ್ಗೆಯೂ ಕಾಯ್ದೆ ಮೌನವಾಗಿಲ್ಲ. ಒಬ್ಬ ಸಾಕ್ಷಿ ‘ವಾಹನ ಬಹಳ ವೇಗವಾಗಿತ್ತು’ ಎಂದು ಅಭಿಪ್ರಾಯಪಟ್ಟ ಮಾತ್ರಕ್ಕೆ ಯಾರನ್ನೂ ವೇಗಮಿತಿಯ ಉಲ್ಲಂಘನೆಗಾಗಿ ಶಿಕ್ಷಿಸುವಂತಿಲ್ಲ. ಆ ಅಭಿಪ್ರಾಯಕ್ಕೆ ಯಂತ್ರದ ಅಥವಾ ಎಲೆಕ್ಟ್ರಾನಿಕ್ ಉಪಕರಣದ ಅಳತೆ ಆಧಾರವಾಗಿರಬೇಕು. ವೇಗ ಮತ್ತು ಅಪಾಯಕಾರಿ ಚಾಲನೆಯ ಪ್ರಕರಣಗಳಲ್ಲಿ ಚಾಲಕನಿಗೆ ಸ್ಥಳದಲ್ಲೇ ಎಚ್ಚರಿಕೆ ಕೊಟ್ಟಿರಬೇಕು, ಇಲ್ಲವೇ ಹದಿನಾಲ್ಕು ದಿನಗಳೊಳಗೆ ನೋಟಿಸು ಹೋಗಿರಬೇಕು, ಇಲ್ಲವೇ ಇಪ್ಪತ್ತೆಂಟು ದಿನಗಳೊಳಗೆ ಸಮನ್ಸ್ ಜಾರಿಯಾಗಿರಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇದು ಕಲಂ 209ರ ಕಟ್ಟುಪಾಡು. ಕ್ಯಾಮೆರಾದ ಪ್ರಕರಣಗಳಿಗೆ 2021ರ ಆಗಸ್ಟಿನಲ್ಲಿ ಬಂದ ನಿಯಮಗಳು ಇನ್ನಷ್ಟು ಷರತ್ತು ವಿಧಿಸುತ್ತವೆ. ಉಪಕರಣಕ್ಕೆ ಅಂಗೀಕಾರ ಪತ್ರವಿರಬೇಕು, ಅದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಕ್ಯಾಮೆರಾ ಇರುವ ಕುರಿತು ರಸ್ತೆಯಲ್ಲಿ ಎದ್ದು ಕಾಣುವ ಫಲಕವಿರಬೇಕು, ಹದಿನೈದು ದಿನಗಳೊಳಗೆ ನೋಟಿಸು ಕಳುಹಿಸಬೇಕು. ಕಾರಿನ ಲೈಸೆನ್ಸ್ ಇಟ್ಟುಕೊಂಡು ಚಿಕ್ಕ ಗೂಡ್ಸ್ ಟೆಂಪೋ ಓಡಿಸಿದ ಕಾರಣಕ್ಕೆ ‘ಲೈಸೆನ್ಸ್ ಇಲ್ಲದ ಚಾಲನೆ’ ಎಂಬ ಆರೋಪ ಹೊತ್ತವರಿಗೂ ಒಂದು ಆಸರೆಯಿದೆ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಮಲ್ಪೆಯ ಬಂದರಿನಿಂದ ಬೆಳಗಿನ ಜಾವ ಮೀನು ಹೊತ್ತು ಹೊರಡುವ ಎಷ್ಟು ಮಂದಿಗೆ ಈ ತೀರ್ಪಿನ ಸುದ್ದಿ ತಲುಪಿದೆ?

ಚಾಲಕರ ಪರವಾದ ಎರಡು ಹಳೆಯ ತೀರ್ಪುಗಳು ಕರ್ನಾಟಕದಿಂದಲೇ ಹೋದವು ಎಂಬುದನ್ನು ಇಲ್ಲಿ ನೆನೆಯಬೇಕು. ಮೊದಲನೆಯದು 1979ರ ಸಯ್ಯದ್ ಅಕ್ಬರ್ ಮತ್ತು ಕರ್ನಾಟಕ ರಾಜ್ಯದ ಪ್ರಕರಣ. ನಾಲ್ಕು ವರ್ಷದ ಒಂದು ಮಗು ಹಠಾತ್ತನೆ ರಸ್ತೆಗೆ ಓಡಿತು. ಬಸ್ಸಿನ ಚಾಲಕ ಅದನ್ನು ಉಳಿಸಲೆಂದು ಬಸ್ಸನ್ನು ಬಲಕ್ಕೆ ಎಳೆದ. ಮಗು ಉಳಿಯಲಿಲ್ಲ. ಕೆಳಗಿನ ನ್ಯಾಯಾಲಯಗಳು ಅವನನ್ನು ತಪ್ಪಿತಸ್ಥನೆಂದವು. ಅಪಘಾತ ನಡೆದಿದೆ ಎಂಬುದೇ ಚಾಲಕನ ನಿರ್ಲಕ್ಷ್ಯಕ್ಕೆ ಪುರಾವೆಯೆಂದು ಕ್ರಿಮಿನಲ್ ಮೊಕದ್ದಮೆಯಲ್ಲಿ ಭಾವಿಸುವಂತಿಲ್ಲ, ರುಜುವಾತಿನ ಹೊಣೆ ಕೊನೆಯ ವರೆಗೂ ಪ್ರಾಸಿಕ್ಯೂಷನ್ನಿನದೇ ಎಂದು ಸುಪ್ರೀಂ ಕೋರ್ಟ್ ಹೇಳಿ ಅವನನ್ನು ಬಿಡುಗಡೆ ಮಾಡಿತು. ಎರಡನೆಯದು 1998ರ ಕರ್ನಾಟಕ ರಾಜ್ಯ ಮತ್ತು ಸತೀಶ್ ಪ್ರಕರಣ. ಹಳ್ಳ ದಾಟುವಾಗ ಲಾರಿ ಮಗುಚಿ ಹಲವರು ಸತ್ತಿದ್ದರು. ‘ಅತಿ ವೇಗ’ ಎಂಬುದು ಸಾಪೇಕ್ಷ ಮಾತು, ಎಷ್ಟು ವೇಗ, ಯಾವ ರಸ್ತೆ, ಯಾವ ಸ್ಥಿತಿ ಎಂಬುದನ್ನು ತೋರಿಸದೆ ಬರಿಯ ಆ ಮಾತಿನಿಂದ ನಿರ್ಲಕ್ಷ್ಯ ಸಾಬೀತಾಗದು ಎಂದು ನ್ಯಾಯಾಲಯ ಹೇಳಿತು. ಇಂದಿಗೂ ಅಪಘಾತದ ದೂರುಗಳಲ್ಲಿ ‘ಅತಿ ವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಅದೇ ಅಚ್ಚು ಮಾತು ಬೀಳುತ್ತಿರುವುದನ್ನು ಓದುಗರು ದಿನಪತ್ರಿಕೆಗಳಲ್ಲಿ ಕಾಣುತ್ತಾರೆ.

ಹಾಗೆಂದು ನಾವು ಚಾಲಕರಿಗೆ ರಸ್ತೆಯಲ್ಲಿ ಸ್ವೇಚ್ಛೆ ಬೇಡುತ್ತಿದ್ದೇವೆಂದು ಯಾರೂ ತಿಳಿಯಬಾರದು. 2016ರ ಜೂನ್ 21ರಂದು ಕುಂದಾಪುರ ತಾಲೂಕಿನ ತ್ರಾಸಿಯ ಬಳಿ ಖಾಸಗಿ ಬಸ್ಸೊಂದು ಮಕ್ಕಳಿದ್ದ ಓಮ್ನಿ ಕಾರಿಗೆ ಢಿಕ್ಕಿಯಾಗಿ ಶಾಲೆಗೆ ಹೊರಟಿದ್ದ ಎಂಟು ಮಕ್ಕಳು ಸತ್ತರು. ಈ ಜಿಲ್ಲೆಯ ಯಾವ ತಂದೆತಾಯಿಯೂ ಆ ದಿನವನ್ನು ಮರೆತಿರಲಾರರು. ವೃತ್ತಿಪರ ಚಾಲಕನಿಗೆ ತನ್ನ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಜೈಲು ತಪ್ಪದೆಂಬ ಭಯ ಸದಾ ಇರಬೇಕೆಂದು 2000ನೇ ಇಸವಿಯ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಅವರ ಪೀಠ ಹೇಳಿ, ಒಬ್ಬ ಬಸ್ ಚಾಲಕನಿಗೆ ಪ್ರೊಬೇಷನ್ ನಿರಾಕರಿಸಿತು. ಆ ಮಾತಿನಲ್ಲಿ ನ್ಯಾಯವಿದೆ. ಕುಡಿದು ಸ್ಟೇರಿಂಗ್ ಹಿಡಿಯುವವನ ಬಗ್ಗೆಯಂತೂ ನಮಗೆ ಎಳ್ಳಷ್ಟೂ ಅನುಕಂಪವಿಲ್ಲ. ಅಂಥವನಿಗೂ ಬಂಧನದ ಎರಡು ಗಂಟೆಯೊಳಗೆ ವೈದ್ಯಕೀಯ ತಪಾಸಣೆಯ ಹಕ್ಕನ್ನು ಕಾನೂನು ಕೊಟ್ಟಿದೆ, ಅದನ್ನು ಕೊಡಲೇಬೇಕು ಎಂಬಷ್ಟೇ ನಮ್ಮ ಮಾತು. ರಕ್ಷಣೆಯ ಹಕ್ಕು ತಪ್ಪಿತಸ್ಥನನ್ನು ಪಾರುಮಾಡಲು ಹುಟ್ಟಿದ್ದಲ್ಲ. ಯಾರ ತಪ್ಪು ಎಷ್ಟು ಎಂಬುದನ್ನು ತೂಗಿ ನೋಡಲು ಹುಟ್ಟಿದ್ದು.

ಹೀಗೆ ತೂಗಿದಾಗ ತಕ್ಕಡಿಯಲ್ಲಿ ಕಾಣಿಸಿಕೊಳ್ಳಬೇಕಾದ ಇನ್ನೊಬ್ಬನಿದ್ದಾನೆ. ಉಡುಪಿ ಮತ್ತು ದಕ್ಷಿಣ ಕನ್ನಡ ಖಾಸಗಿ ಬಸ್ಸುಗಳ ನಾಡು. ಉಡುಪಿಯಿಂದ ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಈ ನಾಡಿನ ಗಡಿಯಾರ ಹೇಗೆ ಓಡುತ್ತದೆಂದು ಗೊತ್ತು. ಹಿಂದಿನಿಂದ ಇನ್ನೊಬ್ಬ ಮಾಲೀಕನ ಬಸ್ಸು ಬರುತ್ತಿರುತ್ತದೆ. ಅದು ಮುಂದೆ ಹೋದರೆ ಮುಂದಿನ ಸ್ಟಾಪಿನ ಜನ ಅದಕ್ಕೆ, ಕಲೆಕ್ಷನ್ ಇಳಿದರೆ ಸಂಜೆ ಮಾಲೀಕನ ಪ್ರಶ್ನೆ ಚಾಲಕನಿಗೂ ನಿರ್ವಾಹಕನಿಗೂ. ಟೈಮಿಂಗ್ಸ್ ತಪ್ಪಿದರೆ ನಿಲ್ದಾಣದಲ್ಲಿ ಜಗಳ. ರಸ್ತೆ ಅಗೆದಿದ್ದರೂ ಮಳೆ ಸುರಿಯುತ್ತಿದ್ದರೂ ವೇಳಾಪಟ್ಟಿ ಬದಲಾಗುವುದಿಲ್ಲ. ಕೊನೆಗೆ ವೇಗದ ಚಲನ್ ಬರುವುದು ಮಾತ್ರ ಚಾಲಕನ ಹೆಸರಿಗೆ.

ಕಾಯ್ದೆ ಈ ಸಂಗತಿಯನ್ನು ಕಂಡಿಲ್ಲವೆಂದು ಭಾವಿಸಬೇಡಿ. ತನ್ನ ನೌಕರನನ್ನು ವೇಗಮಿತಿ ಮೀರಿ ಓಡಿಸುವಂತೆ ಮಾಡಿದವನೂ ಕಲಂ 183ರಡಿ ಅಪರಾಧಿ. ಅದೇ ಕಲಮಿನ 4ನೇ ಉಪಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವೇಗಮಿತಿ ಮೀರದೆ ಪಾಲಿಸಲು ಸಾಧ್ಯವೇ ಇಲ್ಲವೆಂದು ನ್ಯಾಯಾಲಯಕ್ಕೆ ಕಂಡುಬರುವ ವೇಳಾಪಟ್ಟಿಯನ್ನು ಯಾರು ಪ್ರಕಟಿಸಿದರೋ, ಇಷ್ಟು ಹೊತ್ತಿನೊಳಗೆ ತಲುಪು ಎಂದು ಯಾರು ಆದೇಶಿಸಿದರೋ, ಅವರ ವಿರುದ್ಧ ಆ ವೇಳಾಪಟ್ಟಿ ಅಥವಾ ಆದೇಶವೇ ಮೇಲ್ನೋಟದ ಪುರಾವೆಯಾಗುತ್ತದೆ. ಮಿತಿಮೀರಿದ ಭಾರದ ವಿಷಯದಲ್ಲೂ ಹಾಗೆಯೇ. ಚಾಲಕ ಮಾಲೀಕನಲ್ಲದಿದ್ದರೆ, ಆ ಅಪರಾಧ ಮಾಲೀಕನ ಅರಿವಿನಲ್ಲಿ ಅಥವಾ ಅಪ್ಪಣೆಯಂತೆ ನಡೆದಿದೆಯೆಂದು ನ್ಯಾಯಾಲಯ ಭಾವಿಸಬಹುದೆಂದು ಕಲಂ 113 ಹೇಳುತ್ತದೆ. ಇಪ್ಪತ್ತು ಸಾವಿರ ರೂಪಾಯಿ, ಮೇಲಾಗಿ ಪ್ರತಿ ಹೆಚ್ಚುವರಿ ಟನ್ನಿಗೆ ಎರಡು ಸಾವಿರದ ದಂಡವನ್ನು ಕೆಂಪುಕಲ್ಲು, ಮರಳು, ಜಲ್ಲಿಯ ಲೋಡನ್ನು ತಾನೇ ತುಂಬಿಸದ ಚಾಲಕ ಒಬ್ಬನೇ ಏಕೆ ಹೊರಬೇಕು? ಈ ಉಪಕಲಂಗಳು ದಶಕಗಳಿಂದ ಪುಸ್ತಕದಲ್ಲಿವೆ. ಅವನ್ನು ಎತ್ತಿ ಹೇಳಬೇಕಾದದ್ದು ಚಾಲಕನ ಪರ ವಕೀಲ. ಆದರೆ ಚಾಲಕನಿಗೆ ವಕೀಲನನ್ನು ಗೊತ್ತುಮಾಡಿಕೊಡುವುದು ಅನೇಕ ಬಾರಿ ಮಾಲೀಕನೇ! ‘ನಾನೇ ಎಲ್ಲ ನೋಡಿಕೊಳ್ಳುತ್ತೇನೆ, ನೀನು ಒಪ್ಪಿಕೊಂಡುಬಿಡು’ ಎಂಬ ಔದಾರ್ಯದ ಒಳಮರ್ಮ ಇದು. ಮಾಲೀಕ ಕಟ್ಟುವುದು ಹಣ, ಚಾಲಕ ಕಟ್ಟುವುದು ತನ್ನ ದಾಖಲೆ.

ಈಗ ನಮ್ಮ ಸಮುದಾಯದೊಳಗಿನ ಎರಡು ಸಂಗತಿಗಳನ್ನು ಮರೆಮಾಚದೆ ಹೇಳಲೇಬೇಕು. ಅಪಘಾತವಾದಾಗ ಸ್ಟೇರಿಂಗ್ ಹಿಡಿದಿದ್ದವನಿಗೆ ಲೈಸೆನ್ಸ್ ಇಲ್ಲವೆಂದಾದರೆ, ಲೈಸೆನ್ಸ್ ಇರುವ ಇನ್ನೊಬ್ಬನನ್ನು ಠಾಣೆಗೆ ಕರೆದೊಯ್ದು ‘ಇವನೇ ಓಡಿಸುತ್ತಿದ್ದ’ ಎಂದು ಒಪ್ಪಿಸುವ ರೂಢಿ. ಬಲಿಯಾಗುವವನು ಬಡ ಸಂಬಂಧಿ ಅಥವಾ ಮನೆಯ ಚಾಲಕ. ಪಾರಾಗುವವನು ಊರಿನ ಗಣ್ಯರ ಮಗ. ಸುಳ್ಳು ಸಾಕ್ಷ್ಯವನ್ನು ಮಹಾಪಾಪಗಳ ಸಾಲಿನಲ್ಲಿ ಎಣಿಸುವ ಧರ್ಮದವರು ನಾವು. ಶುಕ್ರವಾರ ಮೊದಲ ಸಾಲಿನಲ್ಲಿ ನಿಲ್ಲುವ ಹಿರಿಯರೇ ಶನಿವಾರ ಇಂಥ ರಾಜಿಗೆ ಮಧ್ಯಸ್ಥರಾಗುವುದನ್ನು ಯಾವ ಹೆಸರಿನಿಂದ ಕರೆಯೋಣ? ಹೀಗೆ ಬೇರೊಬ್ಬನ ಅಪರಾಧವನ್ನು ಒಮ್ಮೆ ಹೊತ್ತ ಬಡವ ಮುಂದೆ ತನ್ನದೇ ಸಣ್ಣ ತಪ್ಪಿಗೆ ‘ಎರಡನೆಯ ಬಾರಿಯವನು’ ಎನಿಸುತ್ತಾನೆ.

ಇನ್ನೊಂದು, ಹದಿನೆಂಟು ತುಂಬದ ಹುಡುಗರ ಕೈಗೆ ಕೊಡುವ ಸ್ಕೂಟರಿನ ಕೀಲಿ. ತಂದೆ ಗಲ್ಫಿನಲ್ಲಿ, ಆರ್‌ಸಿ ತಾಯಿಯ ಹೆಸರಿನಲ್ಲಿ, ಮಗ ಟ್ಯೂಷನ್ನಿಗೂ ಅಂಗಡಿಗೂ ಸ್ಕೂಟರಿನಲ್ಲಿ. ನಮ್ಮ ಪಟ್ಟಣಗಳಲ್ಲಿ ಇಂಥ ಮನೆಗಳೆಷ್ಟು! 2019ರಲ್ಲಿ ಬಂದ ಕಲಂ 199ಎ ಪ್ರಕಾರ ಅಪ್ರಾಪ್ತನ ಅಪರಾಧಕ್ಕೆ ಪೋಷಕರು ಅಥವಾ ವಾಹನದ ಒಡೆಯರು ತಪ್ಪಿತಸ್ಥರು. ಮೂರು ವರ್ಷದ ವರೆಗೆ ಸಜೆ ಮತ್ತು ಇಪ್ಪತ್ತೈದು ಸಾವಿರ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ ಇಪ್ಪತ್ತೈದು ತುಂಬುವ ವರೆಗೆ ಲೈಸೆನ್ಸ್ ಇಲ್ಲ. ಅವರ ಒಪ್ಪಿಗೆಯಿಂದಲೇ ವಾಹನ ಬಳಕೆಯಾಯಿತೆಂದು ನ್ಯಾಯಾಲಯ ಭಾವಿಸುತ್ತದೆ. ತಮಗೆ ತಿಳಿದಿರಲಿಲ್ಲ ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವು ಎಂದು ಅವರೇ ರುಜುವಾತುಪಡಿಸಬೇಕು. ಕರ್ನಾಟಕದ ಹಲವು ನ್ಯಾಯಾಲಯಗಳು ಈ ಇಪ್ಪತ್ತೈದು ಸಾವಿರವನ್ನು ಪೋಷಕರಿಗೆ ವಿಧಿಸಿವೆ. ಹೀಗೆ, ತನ್ನ ಜೀವನದಲ್ಲಿ ಒಮ್ಮೆಯೂ ಠಾಣೆಯ ಮೆಟ್ಟಿಲು ತುಳಿಯದ ತಾಯಿ ಆರೋಪಿಯಾಗಿ ನಿಲ್ಲುತ್ತಾಳೆ. ದಿನವೂ ಎಲ್ಲರ ಕಣ್ಣೆದುರೇ ಓಡಾಡುವ ಮಗನ ಬಗ್ಗೆ ‘ನನಗೆ ಗೊತ್ತಿರಲಿಲ್ಲ’ ಎನ್ನುವ ವಾದವನ್ನು ಯಾವ ವಕೀಲ ಎಷ್ಟು ದೂರ ಒಯ್ಯಬಲ್ಲ? ಕೀಲಿಯನ್ನು ಕಪಾಟಿನಲ್ಲಿಡುವುದೇ ಇಲ್ಲಿರುವ ಒಳ್ಳೆಯ ಪ್ರತಿವಾದ.

ಗಲ್ಫಿನ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಕ್ರಿಮಿನಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಬಾಕಿ ಇರುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಪಾಸ್‌ಪೋರ್ಟ್ ನಿರಾಕರಣೆಗೆ ಕಾರಣವಾಗಬಹುದು. ನ್ಯಾಯಾಲಯದ ಅನುಮತಿ ಪಡೆದು ಪ್ರಯಾಣಿಸುವ ದಾರಿಯಿದೆ, ಆದರೆ ಅದನ್ನು ಮುಂಚಿತವಾಗಿ ಕೇಳಬೇಕು. ಸಮನ್ಸನ್ನು ಮೂಲೆಗೆಸೆದು ವಿಮಾನ ಹತ್ತಿದವನು ರಜೆಯಲ್ಲಿ ಊರಿಗೆ ಬಂದಾಗ ವಾರಂಟನ್ನು ಎದುರಿಸಬೇಕಾಗಬಹುದು.

ನಮ್ಮ ಜಮಾಅತ್‌ಗಳು ವಿದ್ಯಾರ್ಥಿವೇತನ ಕೊಡುತ್ತವೆ, ರೋಗಿಗಳಿಗೆ ನೆರವಾಗುತ್ತವೆ, ಬಡ ಹೆಣ್ಣುಮಕ್ಕಳ ವಿವಾಹ ನಡೆಸುತ್ತವೆ. ಇವೆಲ್ಲವೂ ಸ್ತುತ್ಯರ್ಹ. ಇದೇ ಮೊಹಲ್ಲಾಗಳಲ್ಲಿ ರಿಕ್ಷಾ, ಟೆಂಪೋ, ಲಾರಿ, ಬಸ್ಸುಗಳನ್ನು ನಂಬಿದ ಮನೆಗಳೆಷ್ಟಿವೆಯೆಂದು ಒಂದು ಪಟ್ಟಿ ಮಾಡಿ ನೋಡಲಿ. ಉಡುಪಿಯಲ್ಲಿ ಕಾನೂನು ಕಾಲೇಜಿದೆ, ಅಲ್ಲಿ ಓದಿ ಹೊರಬಂದ ನಮ್ಮ ಯುವಕ ಯುವತಿಯರೂ ಇದ್ದಾರೆ. ತಿಂಗಳಿಗೊಂದು ಸಂಜೆ ಮದ್ರಸದ ಒಂದು ಕೊಠಡಿಯಲ್ಲಿ ಕುಳಿತು, ಚಾಲಕರು ತರುವ ಚಲನ್, ಸಮನ್ಸ್, ನೋಟಿಸುಗಳನ್ನು ಓದಿ, ಯಾವುದನ್ನು ಕಟ್ಟಬೇಕು, ಯಾವುದಕ್ಕೆ ಉತ್ತರ ಬರೆಯಬೇಕು, ಯಾವುದನ್ನು ಎದುರಿಸಬೇಕು ಎಂದು ಅವರು ಹೇಳಿಕೊಡಲು ಕಟ್ಟಡ ನಿಧಿಯೇನೂ ಬೇಕಿಲ್ಲ. ತಪ್ಪು ಮಾಡಿದ್ದರೆ ಕಟ್ಟು ಎಂದೇ ಹೇಳಲಿ. ಮಾಡದ ತಪ್ಪಿಗೆ, ಅಥವಾ ಇನ್ನೊಬ್ಬನ ತಪ್ಪಿಗೆ ಕಟ್ಟಬೇಡ ಎಂಬುದನ್ನೂ ಯಾರಾದರೂ ಹೇಳಬೇಕಲ್ಲವೇ? ಜಾತಿ ಧರ್ಮ ನೋಡದೆ ಸ್ಟ್ಯಾಂಡಿನ ಎಲ್ಲ ಚಾಲಕರಿಗೂ ಆ ಕೊಠಡಿಯ ಬಾಗಿಲು ತೆರೆದಿರಲಿ. ಟೈಮಿಂಗ್ಸಿನ ಒತ್ತಡಕ್ಕೆ ಧರ್ಮಭೇದವಿಲ್ಲ.

ವಕೀಲರ ಶುಲ್ಕ ಭರಿಸಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಿದೆ. ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರು ಸಿಗುತ್ತಾರೆ. ಉಳಿದವರು ನಿಗದಿತ ಆದಾಯದ ಮಿತಿಯೊಳಗಿದ್ದರೆ ಸಾಕು. ಮಗನ ಸ್ಕೂಟರಿನ ಪ್ರಕರಣದಲ್ಲಿ ಸಿಲುಕಿದ ತಾಯಿಯೂ, ಕಡಿಮೆ ಆದಾಯದ ಟಿಪ್ಪರ್ ಚಾಲಕನೂ ಉಡುಪಿಯ ಜಿಲ್ಲಾ ಪ್ರಾಧಿಕಾರಕ್ಕೆ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಬಹುದು. 15100 ಎಂಬ ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಹೋಗುವಾಗ ಲೈಸೆನ್ಸಿನ ಪ್ರತಿ, ಹಿಂದೆ ಕಟ್ಟಿದ ದಂಡಗಳ ರಶೀದಿ, ನೋಟಿಸು ಇವನ್ನು ಒಯ್ಯಬೇಕು. ಜೊತೆಗೆ ಆ ನೋಟಿಸು ಬಂದ ಅಂಚೆ ಲಕೋಟೆಯನ್ನೂ. ಲಕೋಟೆಯ ಮೇಲಿನ ಮೊಹರಿನ ದಿನಾಂಕದಿಂದಲೇ ಹದಿನಾಲ್ಕು ದಿನದ ಲೆಕ್ಕವೂ ಹದಿನೈದು ದಿನದ ಲೆಕ್ಕವೂ ತಿಳಿಯುತ್ತದೆ. ಮೇಲ್ಮನವಿಯ ಮೂವತ್ತು ದಿನ ಆರಂಭವಾಗುವುದು ಆದೇಶ ಕೈಸೇರಿದ ದಿನದಿಂದ. ಆ ದಿನವನ್ನು ಲಕೋಟೆಯ ಹಿಂಬದಿಯಲ್ಲಿ ಪೆನ್ನಿನಿಂದ ಬರೆದಿಟ್ಟುಕೊಳ್ಳಬೇಕು.